ಬೇಲಿಯಾಚೆಯಿಂದ ಎಳೆದ ಬಂದೂಕು

ನಿಮ್ಮ ಮನೆಯಲ್ಲಿ ಬಂದೂಕು ಇತ್ತಾ? ಚಿಕ್ಕವರಿದ್ದಾಗ ದೊಡ್ಡವರ ಹಿಂದೆ ಬೇಟೆಗೆ ಹೋಗಿದ್ದೀರಾ? ಹೋಗಿದ್ದರೆ ನೆನಪು ಮಾಡಿಕೊಳ್ಳಿ, ಬೇಲಿ ದಾಟುವಾಗ ನಿಮ್ಮವರು ಬಂದೂಕನ್ನು ಏನು ಮಾಡುತ್ತಿದ್ದರು?

ಆಗೆಲ್ಲ, ಅಂದರೆ ಎಪ್ಪತ್ತರ ದಶಕದಲ್ಲಿ, ಮತ್ತೋಡಿನ ಹತ್ತಿರ ನಮ್ಮದು ಕುರಿ, ಹೊಲ ಎರಡೂ ಇದ್ದ ಮನೆ. ಹಂದಿ ಕಾಟಕ್ಕೆಂದು ಅಪ್ಪ ಲೈಸೆನ್ಸ್ ಮಾಡಿಸಿ ಬಂದೂಕು ಇಟ್ಟುಕೊಂಡಿದ್ದ. ಶೇಂಗಾ ಕಿತ್ತ ಮೇಲೆ ಮಣ್ಣಲ್ಲಿ ಉಳಿದ ಕಾಯಿ ಕೆದಕಲು ಕೌಜುಗದ ಹಕ್ಕಿಗಳು ಬರುತ್ತಿದ್ದವು, ಅವುಗಳ ಹಿಂದೆ ನಾವು. ಬದುವಿನ ಮೇಲೆ ಸುಟ್ಟ ಶೇಂಗಾದ ಕಮರು ವಾಸನೆ, ಮಧ್ಯಾಹ್ನ ಮುದ್ದೆಗೆ ಕೌಜುಗದ ಸಾರು. ಹೊಡೆದು ಮುಗಿದ ಕೇಪುಗಳನ್ನು ಆಯ್ದು ಮಣ್ಣಿನ ಬಸವನಿಗೆ ಕಣ್ಣು ಮಾಡುತ್ತಿದ್ದೆವು.

ಕೇಪು ಅಂದರೆ ಅಂಗಿ ಗುಂಡಿಗಿಂತ ಸಣ್ಣ ತಾಮ್ರದ ಟೊಪ್ಪಿ. ಆ ಬಂದೂಕಿಗೆ ಬಾಯಿಯಿಂದಲೇ ಮದ್ದು, ನಾರು, ಸೀಸದ ಚರೆ ತುಂಬಿ ಸಲಾಕೆಯಿಂದ ಗಿಡಿಯಬೇಕು. ತುಂಬಿದ ಮೇಲೆ ಸುಲಭಕ್ಕೆ ಖಾಲಿ ಮಾಡಲು ಬರುವುದಿಲ್ಲ. ಹಿಂದೆ ಕೇಪು ಸಿಕ್ಕಿಸಿದರೆ, ಅದರ ಮೇಲೆ ಕುದುರೆ ಅನ್ನುವ ಕಬ್ಬಿಣದ ತುಂಡು ಬಡಿದಾಗ ಹಾರುತ್ತದೆ. ಅದಕ್ಕೇ ಅಪ್ಪನದು ಒಂದೇ ಕಟ್ಟಳೆ. ಬೇಲಿ ಬಂತೋ, ಮೊದಲು ಕೇಪು ತೆಗೆಯಬೇಕು. ಬಂದೂಕನ್ನು ಬೇಲಿಯಡಿ ನೆಲಕ್ಕೆ ಮಲಗಿಸಿ, ಬಾಯಿ ಆಚೆ ಮಾಡಿ ತಳ್ಳಬೇಕು. ಆಮೇಲೆ ಮನುಷ್ಯ ಬೇರೆ ಕಡೆಯಿಂದ ದಾಟಿ, ಹಿಡಿಯ ಕಡೆಯಿಂದ ಎತ್ತಿಕೊಳ್ಳಬೇಕು. ತೆಗೆದ ಕೇಪು ಇಟ್ಟುಕೊಳ್ಳುವ ನಶ್ಯದ ಡಬ್ಬಿ ನನ್ನ ಕೈಯಲ್ಲಿರುತ್ತಿತ್ತು.

ಅಮ್ಮನ ತಮ್ಮ ಈರಣ್ಣ ಮಾವ ಅಪ್ಪನಿಗಿಂತ ಚೆನ್ನಾಗಿ ಗುರಿ ಇಡುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಕುರಿ ಉಣ್ಣೆ ಕತ್ತರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಒಂದು ಕುರಿ ಬೋಳು. ಮಾಡದಕೆರೆಯಿಂದಲೂ ಜನ ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು.

ನಾನೀಗ ಹೇಳಹೊರಟ ದಿನದ ಹಿಂದಿನ ವಾರ ನಾನು ಕೇಪನ್ನು ಕೆಂಪು ಮರಳಿನಲ್ಲಿ ಬೀಳಿಸಿದ್ದೆ. ಮೂವರೂ ಮಂಡಿಯೂರಿ ಹುಡುಕುವಷ್ಟರಲ್ಲಿ ಹಕ್ಕಿ ಹಾರಿಹೋಗಿದ್ದವು. ವಾರವಿಡೀ ಮಾವನ ಬಾಯಿಗೆ ನಾನೇ ಆಹಾರ. “ಭಾವ, ಈ ಗಿರ್ಜಿ ಕೈಗೆ ಡಬ್ಬಿ ಕೊಡೋ ಬದ್ಲು ಆ ಟಗರಿನ ಕೊರ್ಳಿಗೆ ಕಟ್ರಿ. ಅದಾದ್ರೂ ಕಳ್ಯಲ್ಲ.”

ಆವತ್ತು ಕತ್ತಾಳೆ ಬೇಲಿಯ ಆಚೆಗೇ ಹಕ್ಕಿಗಳ ಸದ್ದು. ಬಂದೂಕು ಮಾವನ ಕೈಯಲ್ಲಿತ್ತು. ಕಾಲಿಗೆ ಮುಳ್ಳು ಚುಚ್ಚಿ ಅಪ್ಪ ಐವತ್ತು ಮಾರು ಹಿಂದೆ ಉಳಿದಿದ್ದ. ನಾನು ಡಬ್ಬಿ ತೆರೆದು ಚಾಚಿದೆ.

“ಮುಚ್ಚಲೇ, ಮತ್ತೆ ಬೀಳಿಸ್ತೀಯ,” ಅಂದ ಮಾವ, ಪಿಸುಮಾತಿನಲ್ಲಿ.

ಹಿಂದಿನಿಂದ ಅಪ್ಪ ಕೂಗಿದ. “ಕೇಪು ತೆಗ್ದ್ಯೇನ್ಲೇ ಈರಣ್ಣಾ?”

ಮಾವ ತಿರುಗದೆ ಕೈ ಎತ್ತಿ ಬೀಸಿದ. ಅಪ್ಪ ಅದನ್ನು ಹೂಂ ಅಂದುಕೊಂಡ. ನನಗೆ ಗೊತ್ತಿತ್ತು, ಡಬ್ಬಿ ಖಾಲಿ. “ಇಲ್ಲಪ್ಪಾ” ಅಂತ ಒಂದು ಕೂಗು ಹಾಕಿದ್ದರೆ ಆಗುತ್ತಿತ್ತು. ಈ ಸಲವೂ ಹಕ್ಕಿ ಹಾರಿದರೆ ಇನ್ನೊಂದು ವಾರ ಬೈಸಿಕೊಳ್ಳಬೇಕಲ್ಲ ಅಂತ ಬಾಯಿ ಮುಚ್ಚಿಕೊಂಡೆ.

ಮಾವ ಬಂದೂಕನ್ನು ಬೇಲಿಗೆ ಒರಗಿಸಿ ಆಚೆ ನೆಗೆದ. ತಿರುಗಿ, ಕೈ ಚಾಚಿ, ಬಾಯಿಯ ಕಡೆಯಿಂದಲೇ ಹಿಡಿದು ಎಳೆದ. ಕುದುರೆ ಕತ್ತಾಳೆಯ ಪಟ್ಟೆಗೆ ಸಿಕ್ಕಿ, ಹಿಂದಕ್ಕೆ ಬಾಗಿ, ಬಿಟ್ಟುಕೊಂಡಿತು.

ಸದ್ದಿಗಿಂತ ವಾಸನೆ ನೆನಪಿದೆ. ಮದ್ದಿನದು, ಸುಟ್ಟ ಅಂಗಿಯದು. ಚರೆ ಮಾವನ ಬಲ ಅಂಗೈಯಿಂದ ಹೊಕ್ಕು ಮೊಣಕೈವರೆಗೆ ಸೀಳಿತ್ತು. ಅಪ್ಪ ಕುಂಟಿಕೊಂಡೇ ಓಡಿಬಂದು ರುಮಾಲು ಬಿಚ್ಚಿ ಬಿಗಿದ. ಗಾಡಿಯಲ್ಲಿ ಮತ್ತೋಡು, ಅಲ್ಲಿಂದ ಲಾರಿಯಲ್ಲಿ ಹೊಸದುರ್ಗ, ಆಮೇಲೆ ಚಿತ್ರದುರ್ಗ. ಜೀವ ಉಳಿಯಿತು. ಕೈಯನ್ನು ಮೊಣಕೈ ಮೇಲೆ ತೆಗೆದರು.

ಊರವರು ಮನೆಗೆ ಬಂದು “ಟೈಮ್ ಸರಿ ಇರ್ಲಿಲ್ಲ ಬಿಡ್ರಿ” ಅಂದರು. ಅಪ್ಪ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ. ಅಮ್ಮ ಅವನಿಗೆ ಊಟಕ್ಕೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಆ ಮೌನ ಒಂದು ವರ್ಷಕ್ಕಿಂತ ಹೆಚ್ಚೇ ನಡೆಯಿತು.

ಮುಂದಿನ ಉಣ್ಣೆ ಕತ್ತರಿಸುವ ಕಾಲಕ್ಕೆ ಮಾವ ಯಾರೂ ಕರೆಯದೆ ಬಂದು ಕುಂತ. ಕುರಿಯನ್ನು ಮೊಣಕಾಲಲ್ಲಿ ಒತ್ತಿ ಎಡಗೈಗೆ ಕತ್ತರಿ ತೆಗೆದುಕೊಂಡ. ಒಂದು ಕೈ ಚರ್ಮ ಎಳೆದು ಹಿಡಿಯಬೇಕು, ಇನ್ನೊಂದು ಕತ್ತರಿಸಬೇಕು. ಚರ್ಮ ಸುಕ್ಕಾಗಿ ಕತ್ತರಿ ಕಚ್ಚಿತು, ರಕ್ತ ಬಂತು. ಅವನು ಕುರಿಯ ಗಾಯಕ್ಕೆ ಅರಿಶಿನ ಒತ್ತಿ, ಕತ್ತರಿ ಕೆಳಗಿಟ್ಟು ಎದ್ದುಹೋದ. ಮತ್ತೆ ಎಂದೂ ಮುಟ್ಟಲಿಲ್ಲ.

ನನ್ನ ಮದುವೆಯಾದ ಮೇಲೆ ಒಮ್ಮೆ ಧೈರ್ಯ ಮಾಡಿ ಹೇಳಿದೆ. “ಮಾವ, ಕೇಪು ತೆಗ್ದಿಲ್ಲ ಅಂತ ನಂಗೆ ಗೊತ್ತಿತ್ತು. ಕೂಗ್ಲಿಲ್ಲ.”

“ನಿಂಗೊಬ್ಳಿಗೇನಾ? ನಂಗೂ ಗೊತ್ತಿತ್ತಲ್ಲೇ,” ಅಂದ. ಅಷ್ಟೇ.

ಈಗ ಮಾವ ಇಲ್ಲ. ಕತ್ತಾಳೆ ಬೇಲಿ ಕಿತ್ತು ತಂತಿ ಹಾಕಿದ್ದಾರೆ. ನಮ್ಮ ಮನೆಯಲ್ಲಿ ಉಣ್ಣೆ ಕತ್ತರಿಸಲು ಗೊತ್ತಿರುವವರು ಯಾರೂ ಉಳಿದಿಲ್ಲ. ಮಾವ ಯಾರಿಗೂ ಕಲಿಸಿರಲಿಲ್ಲ. ಕಲಿಸಬೇಕಾದ ಕೈಯೇ ಹೋಗಿತ್ತು.

ನಿಮ್ಮಲ್ಲೂ ಹೀಗಾಗಿದ್ದರೆ ಕೆಳಗೆ ಬರೆಯಿರಿ. “ಕೈತಪ್ಪಿ ಹಾರಿತು” ಅಂತ ಮಾತ್ರ ಬರೆಯಬೇಡಿ. ಯಾರು ಎತ್ತ ಹಿಡಿದಿದ್ದರು, ಯಾರಿಗೆ ಗೊತ್ತಿತ್ತು, ಯಾರು ಸುಮ್ಮನಿದ್ದರು, ಅದನ್ನು ಬರೆಯಿರಿ.