ಪೂಜೆಯಾದ ಗಾಡಿ

ಹುಣಸೂರು ರಸ್ತೆಯ ಆ ಕಾರ್ ಶೋರೂಮಿನಲ್ಲಿ ಹಳೇ ಸೇಲ್ಸ್‌ಮನ್ ಗುರುಸಿದ್ದಯ್ಯನವರ ಪಾಲಿಗೆ ಮಾರಲು ಉಳಿದದ್ದು ಒಂದೇ ಗಾಡಿ. ಮಧ್ಯಮ ಗಾತ್ರದ ಎಸ್‌ಯುವಿ, ಬೂದಿ ಬಣ್ಣದ್ದು. ಒಂದು ಕಾಲದಲ್ಲಿ ಜನ ಈ ಮಾಡೆಲ್ಲಿಗಾಗಿ ತಿಂಗಳುಗಟ್ಟಲೆ ಕಾದಿದ್ದರು, ಗುರುಸಿದ್ದಯ್ಯನವರಿಗೆ ಮಾತಾಡಿ ಮಾತಾಡಿ ಗಂಟಲು ಕಟ್ಟುತ್ತಿತ್ತು. ಈಗ ಸಂಸಾರಸ್ಥರು ಓಡಿಸಲು ಹಗುರವೆಂದು ಪುಟ್ಟ ಕ್ರಾಸ್‌ಓವರ್ ಹಿಡಿಯುತ್ತಾರೆ. ಹುಡುಗರು ಬಂಡೆ ಹತ್ತುವ ಆಫ್‌ರೋಡರೇ ಬೇಕೆನ್ನುತ್ತಾರೆ. ಯಾವ ಬಂಡೆ ಎಂದು ಮಾತ್ರ ಕೇಳಬಾರದು. ವಿಜಯನಗರ ಬಡಾವಣೆಯ ರೋಡ್ ಹಂಪ್‌ಗಿಂತ ಎತ್ತರದ್ದನ್ನು ಆ ಗಾಡಿಗಳು ಹತ್ತಿದ್ದು ಕಡಿಮೆ. ನಡುವಿನದನ್ನು ಕೇಳುವವರೇ ಇಲ್ಲ.

ಮ್ಯಾನೇಜರ್ ನಿಶಾಂತ್ ಮೆತ್ತಗೆ ಹೇಳಿದ್ದ. “ಈ ವಾರ ಇದು ಹೋಗ್ಲಿಲ್ಲ ಅಂದ್ರೆ ಮೇಟಗಳ್ಳಿ ಯಾರ್ಡಿಗೆ ಕಳಿಸ್ಬೇಕಂತೆ ಸಾರ್. ನೀವೂ ಅಲ್ಲೇ ಸ್ಟಾಕ್ ನೋಡ್ಕೊಂಡಿರಿ ಅಂದ್ರು ಮೇಲಿನವ್ರು.”

ಯಾರ್ಡಿನಲ್ಲಿ ಬಿಸಿಲಿಗೆ ನಿಂತ ಗಾಡಿಗಳಿವೆ, ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲ. ಬಾಯಿಯಿಂದಲೇ ಬದುಕಿದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಶುಕ್ರವಾರ ಬೆಳಿಗ್ಗೆ, ಸಾಕಾಗಿ ಹೋಗಿ, ಗುರುಸಿದ್ದಯ್ಯನವರು ಅದಕ್ಕೆ ಪೂಜೆ ಮಾಡಿಬಿಟ್ಟರು. ಬಾನೆಟ್ಟಿಗೆ ಅರಿಶಿನ ಕುಂಕುಮ, ವೈಪರಿಗೆ ಒಂದು ಮೊಳ ಮಲ್ಲಿಗೆ, ಚಕ್ರದಡಿ ನಿಂಬೆಹಣ್ಣು. ಎಲ್ಲಿಗೂ ಹೊರಡದ ಗಾಡಿಗೆ ನಿಂಬೆಹಣ್ಣು ಇಟ್ಟವರು ಮೈಸೂರಿನಲ್ಲಿ ಅವರೊಬ್ಬರೇ ಇರಬೇಕು. ಹೇಗಾದರೂ ಮಾರಾಟವಾಗಲಿ ಎಂದು ಕೈಮುಗಿದರು.

ದೇವರು ಕೇಳಿಸಿಕೊಂಡಂತೆಯೇ ಕಂಡಿತು. ಮಧ್ಯಾಹ್ನ ರಾಜೀವನಗರದ ಸಿಮೆಂಟ್ ವ್ಯಾಪಾರಿ ದಿಲೀಪ್ ತಾಯಿ ಕೆಂಚಮ್ಮನವರನ್ನು ಕರೆತಂದ. ಅವನ ಕಣ್ಣು ಆಫ್‌ರೋಡರ್ ಮೇಲೆ. ಕೆಂಚಮ್ಮನವರಿಗೆ ಅದನ್ನು ಹತ್ತಲಾಗಲಿಲ್ಲ. ಕ್ರಾಸ್‌ಓವರಿನಲ್ಲಿ ಮಂಡಿ ಮುಂದಿನ ಸೀಟಿಗೆ ತಗುಲಿತು. ಆಗ ಗುರುಸಿದ್ದಯ್ಯನವರು ಬೂದಿ ಬಣ್ಣದ ಗಾಡಿಯ ಹಿಂಬಾಗಿಲು ತೆರೆದು, “ಬನ್ನಿ ಅಮ್ಮಾ, ಇಲ್ಲಿ ಕೂತ್ಕೊಳ್ಳಿ,” ಎಂದರು.

ಕೆಂಚಮ್ಮ ಕೂತರು, ಕಾಲು ಚಾಚಿದರು. “ಇದು ಸಂದಾಗದೆ ಕಣ್ಲಾ,” ಎಂದರು. ದಿಲೀಪ್ ಒಲ್ಲದ ಮನಸ್ಸಿನಿಂದ, “ನಿಂಗೆ ಹಿಡಿಸಿದ್ರೆ ಇದೇ ಆಗ್ಲಿ ಬುಡವ್ವ,” ಎಂದ. ಗುರುಸಿದ್ದಯ್ಯನವರಿಗೆ ಹೋದ ಜೀವ ಬಂದಂತಾಯಿತು.

ಕೆಂಚಮ್ಮ ಇಳಿದು ಗಾಡಿಯ ಮುಂದೆ ಬಂದವರು ಹಾಗೇ ನಿಂತರು.

“ಇದ್ಕೆ ಆಗ್ಲೇ ಪೂಜೆ ಆಗದಲ್ಲಪ್ಪ. ಯಾರ್ದಿದು?”

“ಯಾರದ್ದೂ ಅಲ್ಲಮ್ಮ. ಹೊಸದೇ. ಬೆಳಿಗ್ಗೆ ನಾನೇ ಮಾಡ್ದೆ, ಒಳ್ಳೇದಾಗ್ಲಿ ಅಂತ.”

“ನೀನು ಪೂಜೆ ಮಾಡಿದ್ಮೇಲೆ ಅದು ನಿಂದೇ ಆಯ್ತು ಕಣಪ್ಪ. ಇನ್ನೊಬ್ರ ಹೆಸ್ರಲ್ಲಿ ಪೂಜೆ ಆದ ಗಾಡಿನ ಮನೆ ಮುಂದೆ ಎಂಗೆ ನಿಲ್ಸನ?”

ಗುರುಸಿದ್ದಯ್ಯನವರು ಕರವಸ್ತ್ರದಿಂದ ಕುಂಕುಮ ಒರೆಸಲು ಹೋದರು. ಕೆಂಚಮ್ಮ ಬೆಚ್ಚಿಬಿದ್ದವರಂತೆ ಕೈ ಅಡ್ಡ ಹಿಡಿದರು. “ಅಳಿಸ್ಬ್ಯಾಡ. ಪಾಪ, ನಿಂಗೆ ಒಳ್ಳೇದಾಗ್ಲಿ.” ದಿಲೀಪ್ ಆಫ್‌ರೋಡರಿನತ್ತ ನಡೆದ. ಕೆಂಚಮ್ಮನವರಿಗಾಗಿ ಅದಕ್ಕೊಂದು ಮೆಟ್ಟಿಲು ಹಾಕಿಸಿಕೊಡುವುದೆಂದು ಮಾತಾಯಿತು.

ಮರುದಿನ ಡ್ರೈವರ್ ಬೇಡವೆಂದು ಗುರುಸಿದ್ದಯ್ಯನವರೇ ಗಾಡಿಯನ್ನು ಮೇಟಗಳ್ಳಿಗೆ ಓಡಿಸಿಕೊಂಡು ಹೋದರು. ಎಷ್ಟೋ ಸಲ ಓಡಿಸಿ ತೋರಿಸಿದ ಮಾಡೆಲ್ಲೇ, ಆದರೆ ಯಾವಾಗಲೂ ಪಕ್ಕದಲ್ಲಿ ಗಿರಾಕಿ, ಬಾಯಿತುಂಬ ಹೊಗಳಿಕೆ. ಇವತ್ತು ಪಕ್ಕದ ಸೀಟು ಖಾಲಿ. ಹಳ್ಳಗಳ ಮೇಲೆ ಗಾಡಿ ಒಂದಿಷ್ಟೂ ಕುಲುಕದೆ ಹೋಯಿತು. ತಾವು ಇಷ್ಟು ವರ್ಷ ಹೇಳಿಕೊಂಡು ಬಂದದ್ದೆಲ್ಲ ನಿಜವೇ ಆಗಿತ್ತು ಎಂದು ಅವರಿಗೆ ಅನ್ನಿಸಿತು. ಹೇಳೋಣವೆಂದರೆ ಯಾರೂ ಇರಲಿಲ್ಲ.