ಸೆಪ್ಟೆಂಬರ್ ಹದಿನೇಳರ ಎರಡು ಸಾಲು

ನಾನು ಉಳ್ಳಾಗಡ್ಡಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಬಂತು. ಬೆಂಗಳೂರಿಗೆ ಬಂದ ಮೂರನೆಯ ದಿನ ಅದು, ೧೯೭೯ರ ಮೇ ತಿಂಗಳು. ಜಯನಗರ ನಾಲ್ಕನೆಯ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ತರಕಾರಿ ಅಂಗಡಿಯ ಮುಂದೆ ನಿಂತು, "ಉಳ್ಳಾಗಡ್ಡಿ ಹ್ಯಾಂಗ ಕೊಡ್ತೀರಿ?" ಎಂದೆ. ಅಂಗಡಿಯವನು ನನ್ನ ಮುಖ ನೋಡಿದ, ಪಕ್ಕದವನ ಮುಖ ನೋಡಿದ, ಆಮೇಲೆ "ಕ್ಯಾ ಚಾಹಿಯೇ ಬೆಹನ್‌ಜೀ?" ಎಂದ. ನಾನು ರಾಶಿಯ ಕಡೆ ಬೆರಳು ತೋರಿಸಿದೆ. "ಓ, ಈರುಳ್ಳೀನಾ! ಪರವಾಗಿಲ್ವೇ, ಕನ್ನಡ ಚೆನ್ನಾಗಿ ಕಲ್ತಿದೀರ" ಎಂದು ಮೆಚ್ಚಿಕೊಂಡ. ನನಗೆ ಆಗ ಮೂವತ್ಮೂರು ವರ್ಷ. ಗುಲ್ಬರ್ಗಾದಲ್ಲಿ ಎಂಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು.

ಗುಲ್ಬರ್ಗಾದಲ್ಲೇ ಇರುವ ನಿಮಗೆ ಗೊತ್ತಿರುವಂತೆ ಯಜಮಾನರಿಗೆ ವರ್ಗವಾಗಿ ನಾವು ಇಲ್ಲಿಗೆ ಬಂದೆವು. ಒಂಬತ್ತನೆಯ ಬ್ಲಾಕಿನಲ್ಲಿ ಮನೆ ಸಿಕ್ಕಿತು. ಕೆಳಗೆ ಮಾಲೀಕರು, ಮೇಲೆ ನಾವು. ಮೊದಲ ಬೆಳಿಗ್ಗೆಯೇ ಮಾಲೀಕರ ಹೆಂಡತಿ ಮೆಟ್ಟಿಲು ಹತ್ತಿ ಬಂದರು. "ಏನ್ರೀ ಅದು, ಗೋಡೆಗೆ ಮೊಳೆ ಹೊಡೀತಿದೀರಾ?" ಮೊಳೆಯಲ್ಲ, ರೊಟ್ಟಿ ಬಡಿಯುತ್ತಿದ್ದೆ. ಊರಿನಲ್ಲಿ ಬೆಳಿಗ್ಗೆ ಆ ಸದ್ದು ಕೇಳದ ಮನೆಯಿದ್ದರೆ ಅಲ್ಲಿ ಯಾರಿಗೋ ಹುಷಾರಿಲ್ಲ ಎಂದು ನಾವು ತಿಳಿಯುತ್ತೇವೆ. ಇಲ್ಲಿ ಅದು ರಿಪೇರಿ ಕೆಲಸ. ಕೊನೆಗೆ ನಾಲ್ಕು ಮಡಿಕೆಯ ಗೋಣಿಚೀಲದ ಮೇಲೆ ಹಲಗೆಯಿಟ್ಟು ಬಡಿದೆ. ಹಿಟ್ಟಿನ ಗೋಳು ಬೇರೆಯೇ. ಗಿರಣಿಯವನು ರಾಗಿಯ ಹಿಂದೆಯೇ ನನ್ನ ಜೋಳವನ್ನು ಸುರಿಯುತ್ತಿದ್ದ. ಬೂದು ಬಣ್ಣದ ಹಿಟ್ಟು ಬರುತ್ತಿತ್ತು, ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. "ಅಣ್ಣಾ, ಮೊದಲು ಒಂದು ಹಿಡಿ ಹಾಕಿ ತೆಗೆದುಬಿಡು" ಎಂದರೆ, "ಎಲ್ಲಾ ಹೊಟ್ಟೆಗೇ ಹೋಗೋದು ಬಿಡಕ್ಕ" ಎನ್ನುತ್ತಿದ್ದ.

ಇವೆಲ್ಲ ನಗುತ್ತ ಹೇಳಬಹುದಾದ ಸಂಗತಿಗಳು. ಶಾಲೆಯದು ಹಾಗಲ್ಲ.

ಜೂನ್‌ನಲ್ಲಿ ಜೆ.ಪಿ. ನಗರದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆಗಿನ್ನೂ ಆ ಕಡೆ ಅರ್ಧ ಸೈಟು, ಅರ್ಧ ಹೊಲ. ಕಿಟಕಿಯಿಂದ ನೋಡಿದರೆ ಪುಟ್ಟೇನಹಳ್ಳಿಯ ಕಡೆ ರಾಗಿ ಪೈರು ಕಾಣುತ್ತಿತ್ತು. ಗೇಟಿನ ಒಳಗೆ, ಎಲ್ಲರೂ ಹಾದುಹೋಗುವ ಜಾಗದಲ್ಲಿ, ಒಂದು ಕರಿಹಲಗೆ. ಅದರ ನೆತ್ತಿಯಲ್ಲಿ ಬಣ್ಣದಲ್ಲಿ ಬರೆಸಿದ್ದರು: 'ನಮ್ಮ ನಾಡಿನಲ್ಲಿ ಈ ದಿನ'. ನನ್ನ ಅಕ್ಷರ ಗುಂಡಗಿದೆಯೆಂದು ಹೆಡ್‌ಮಿಸ್ಟ್ರೆಸ್ ಸರೋಜಮ್ಮನವರು ಆ ಕೆಲಸವನ್ನು ನನಗೇ ವಹಿಸಿದರು. ಜೊತೆಗೆ ರಟ್ಟು ಹಾಕಿದ ಒಂದು ನೋಟ್‌ಬುಕ್ ಕೊಟ್ಟರು. ವರ್ಷದ ಒಂದೊಂದು ದಿನಕ್ಕೂ ಒಂದೊಂದು ಪುಟ; ಆ ದಿನ ರಾಜ್ಯದಲ್ಲಿ ಹಿಂದೆ ಏನು ನಡೆದಿತ್ತು ಎಂಬ ಟಿಪ್ಪಣಿ. ಅವರೇ ಹನ್ನೆರಡು ವರ್ಷ ಕೂತು ಬರೆದದ್ದು. ನಾನು ಅದರಿಂದ ನಕಲು ಮಾಡಬೇಕು, ಅಷ್ಟೆ.

ಮಹಾರಾಜರು ಹುಟ್ಟಿದ ದಿನ, ಪಟ್ಟವೇರಿದ ದಿನ. ದಿವಾನರು ಅಧಿಕಾರ ವಹಿಸಿದ ದಿನ. ಅಣೆಕಟ್ಟಿಗೆ ಅಡಿಗಲ್ಲು ಹಾಕಿದ ದಿನ, ಬೆಂಗಳೂರಿಗೆ ಕರೆಂಟು ಬಂದ ದಿನ. ದಿನಾ ಬೆಳಿಗ್ಗೆ ಎಂಟೂಕಾಲಿಗೆ ಬರೆಯುತ್ತಿದ್ದೆ. ಒಂದು ಭಾನುವಾರ ಇಡೀ ನೋಟ್‌ಬುಕ್ ಓದಿದೆ. ಗುಲ್ಬರ್ಗಾ ಇಲ್ಲ. ಬೀದರ್ ಇಲ್ಲ. ರಾಯಚೂರು ಒಂದು ಕಡೆ ಬಂದಿತ್ತು, ಯಾವುದೋ ರೈಲು ಹೋಗುವ ಊರಾಗಿ. ನಮ್ಮ ಕಡೆ ಯಾವ ದಿನವೂ ಏನೂ ನಡೆದೇ ಇಲ್ಲ. ಸೆಪ್ಟೆಂಬರ್ ಹದಿನೇಳರ ಪುಟ ಖಾಲಿಯಿತ್ತು.

ನಾನು ಕಂಕುಳ ಕೂಸಾಗಿದ್ದಾಗ ಅವ್ವ ನನ್ನನ್ನೆತ್ತಿಕೊಂಡು ರಾತ್ರೋರಾತ್ರಿ ಗಡಿ ದಾಟಿ ಸೊಲ್ಲಾಪುರದ ಕಡೆ ಓಡಿದ್ದಳು. ನಿಜಾಮರ ಪರದ ರಜಾಕಾರರ ಭಯ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳು ನಾವು ನಿಜಾಮರ ಕೆಳಗೇ ಇದ್ದೆವು. ನಿಮಗೆ ಇದನ್ನು ಹೇಳಬೇಕಾಗಿಲ್ಲ. ಹದಿನೇಳನೆಯ ತಾರೀಖು ಸೋಮವಾರ ಬಂತು, ಬೇಗನೆ ಶಾಲೆಗೆ ಹೋಗಿ ಬರೆದೆ: '೧೯೪೮ರ ಈ ದಿನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಶರಣಾಯಿತು. ಗುಲ್ಬರ್ಗಾ, ಬೀದರ್, ರಾಯಚೂರಿನ ಕನ್ನಡಿಗರಿಗೆ ಸ್ವಾತಂತ್ರ್ಯ ಸಿಕ್ಕಿತು.'

ಎರಡನೆಯ ಪೀರಿಯಡ್ ಮುಗಿಸಿ ಬರುವಾಗ ಹಲಗೆ ಒರೆಸಿದ್ದರು, ಒದ್ದೆಯಿನ್ನೂ ಆರಿರಲಿಲ್ಲ. ಸರೋಜಮ್ಮನವರ ಕೋಣೆಗೆ ಹೋದೆ.

"ಬನ್ನಿ ಮಹಾನಂದ ಮಿಸ್. ಸ್ವಾತಂತ್ರ್ಯ ದಿನ ಆಗಸ್ಟ್ ಹದಿನೈದು ಅಲ್ವಾ? ಮಕ್ಕಳು ಕನ್‌ಫ್ಯೂಸ್ ಆಗ್ತಾರೆ."

"ನಮ್ಮ ಕಡೆ ಅವತ್ತು ಬರಲಿಲ್ಲ ಮೇಡಂ."

"ಅದು ಸರಿ. ಆದ್ರೆ ಆಗ ನೀವೆಲ್ಲ ಹೈದರಾಬಾದಿನವರು. ಅದು ಅವರ ಹಿಸ್ಟರಿ. ನಮ್ದು ಹೇಗಾಗುತ್ತೆ?"

"ಹಂಗಾರ ನಾ ಇಲ್ಲಿ ಹ್ಯಾಂಗ ನಿಂತೀನಿ ಮೇಡಂ?" ಸಿಟ್ಟು ಬಂದರೆ ನನಗೆ ಇಲ್ಲಿಯ ಕನ್ನಡ ಮರೆತುಹೋಗುತ್ತಿತ್ತು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೆಟ್ಟವರಲ್ಲ, ನಮ್ಮ ಮನೆಗೆ ಗ್ಯಾಸ್ ಸಿಗದಿದ್ದಾಗ ತಮ್ಮ ಸೀಮೆಎಣ್ಣೆ ಸ್ಟವ್ ಕಳಿಸಿಕೊಟ್ಟವರು. "ಪುಸ್ತಕದಲ್ಲಿರೋದು ತೋರಿಸಿ, ಬರೆಯೋಣ" ಎಂದರು.

ಆ ಒಂದು ಮಾತಿಗೆ ನಾನು ಒಂದು ವರ್ಷ ಅಲೆದೆ. ಎಂಟನೆಯ ತರಗತಿಯ ಪಠ್ಯದಲ್ಲಿ ಹುಡುಕಿದೆ, ಇರಲಿಲ್ಲ. ಊರಿನ ನಿವೃತ್ತ ಮಾಸ್ತರರಿಗೆ ಪತ್ರ ಬರೆದೆ. ಅವರು ಆರು ಪುಟ ಬರೆದು ಕಳಿಸಿದರು. ಸರೋಜಮ್ಮನವರು ಅದನ್ನು ಪೂರ್ತಿ ಓದಿ, "ಇದು ಕಾಗದ ಕಣ್ರೀ, ಪುಸ್ತಕ ಅಲ್ಲ" ಎಂದು ಹಿಂದಕ್ಕೆ ಕೊಟ್ಟರು. ಶನಿವಾರ ಮಧ್ಯಾಹ್ನಗಳಲ್ಲಿ ಬಸ್ಸು ಹತ್ತಿ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಯಜಮಾನರು, "ಎರಡು ಸಾಲಿನ ಸಲುವಾಗಿ ಇಷ್ಟ್ಯಾಕ ಜೀವಾ ತೇಯ್ತಿ?" ಎನ್ನುತ್ತಿದ್ದರು. ಪ್ರತಿ ಬೆಳಿಗ್ಗೆ ಬೇರೆಯವರ ಮನೆಯ ಬಾಗಿಲಿಗೆ ರಂಗೋಲಿ ಹಾಕಿ ಬಂದಂತಾಗುತ್ತಿತ್ತು.

ಕೊನೆಗೊಂದು ದಪ್ಪ ಪುಸ್ತಕದಲ್ಲಿ ಒಂದೂವರೆ ಸಾಲು ಸಿಕ್ಕಿತು. ಸರೋಜಮ್ಮನವರು ಅದನ್ನು ಎರಡು ಸಲ ಓದಿ, ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ ತಾವೇ ಬರೆದುಕೊಂಡರು. "ಎರಡೇ ಸಾಲು ಬರೀರಿ. ಜಾಸ್ತಿ ಬೇಡ" ಎಂದರು. ಅವತ್ತು ಬರುವಾಗ ಕಾಲು ಕೆ.ಜಿ. ಪೇಡಾ ಕಟ್ಟಿಸಿಕೊಂಡು ಬಂದೆ.

ಅದೇ ಸುಮಾರಿಗೆ, ೧೯೮೦ರ ಆಗಸ್ಟಿನಲ್ಲಿ, ಅಪ್ಪ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದ. ಡಾಕ್ಟರನ್ನು ಗೊತ್ತುಮಾಡಿಕೊಟ್ಟವರೂ ಸರೋಜಮ್ಮನವರೇ. ಸೆಪ್ಟೆಂಬರಿನ ಹೊತ್ತಿಗೆ ಅಪ್ಪನಿಗೆ ದಪ್ಪ ಕನ್ನಡಕ ಬಂದಿತ್ತು. ಉರ್ದು ಶಾಲೆಯಲ್ಲಿ ಓದಿದವನು. ಕನ್ನಡವನ್ನು ಆಮೇಲೆ ಕಲಿತದ್ದು, ಕೂಡಿಸಿಕೊಂಡು ಓದುತ್ತಿದ್ದ. ಹದಿನೇಳರ ಬೆಳಿಗ್ಗೆ ಅವನನ್ನು ಶಾಲೆಗೆ ಕರೆದೊಯ್ದೆ. ಬರೆದು, ಕೈಯ ಸೀಮೆಸುಣ್ಣದ ಪುಡಿ ಝಾಡಿಸಿ ಪಕ್ಕಕ್ಕೆ ನಿಂತೆ. ಅಪ್ಪ ಒಂದೊಂದೇ ಅಕ್ಷರ ಓದಿದ. ಮಕ್ಕಳು ಅವನ ತಲೆಯ ರುಮಾಲನ್ನು ನೋಡುತ್ತ ಒಳಗೆ ಹೋಗುತ್ತಿದ್ದರು.

"ಚಂದ ಬರದೀ" ಎಂದ. ಆಮೇಲೆ "ಮುಂದಿನ ದಿನಗಳದು ಯಾರು ಬರೀತಾರ?" ಎಂದು ಕೇಳಿದ.

ನನಗೆ ಅರ್ಥವಾಗಲಿಲ್ಲ. ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ಅವನನ್ನು ಬಸ್‌ಸ್ಟಾಪಿನವರೆಗೆ ಬಿಡಲು ಹೊರಟೆ. ಸೈಟುಗಳ ನಡುವಿನ ಮಣ್ಣುದಾರಿಯಲ್ಲಿ ನಡೆಯುತ್ತ ಅವನೇ ಹೇಳಿದ.

"ಇಮಾಮ್‌ಸಾಬ ಅಂತ ಒಬ್ಬ ದರ್ಜಿ ಇದ್ದ. ನಿನ್ನ ತಲಿಗಿ ಮೊದಲ ಕುಂಚಿಗಿ ಹೊಲಿದವ ಅವನೇ. ನಾವು ಓಡಿಹೋದಾಗ ಮನಿ ಕೀಲಿ ಅವನ ಕೈಯಾಗ ಕೊಟ್ಟಿದ್ವಿ. ಪೊಲೀಸ್ ಆ್ಯಕ್ಷನ್ ಆಗಿ ಭಾರತದ ದಂಡು ಬಂದ ವಾರದಾಗ ತಿರುಗಿ ಬಂದ್ವಿ. ಮನಿ ಹ್ಯಾಂಗಿತ್ತೋ ಹಂಗೇ ಇತ್ತು, ಒಂದು ನೀರಿನ ಚರಗಿ ಸೈತ ಹೋಗಿರಲಿಲ್ಲ. ಮರುದಿನ ಅವನ ಮನಿಗಿ ಬೆಂಕಿ ಹಚ್ಚಿದ್ರು."

"ಯಾರು?"

"ಯಾರಂದ್ರ? ನಮ್ಮೋರೇ. ಅವ ನಮ್ಮ ಬಾಗಲಾ ಬಡದ. ಹೆಸರು ಹಿಡದು ಕರದ."

"ನೀ ಏನು ಮಾಡ್ದಿ ಅಪ್ಪಾ?"

ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. "ಅಗಳಿ ಹಾಕಿದ್ದೆ. ತೆಗೀಲಿಲ್ಲ."

ಬಸ್ಸು ಬಂತು. ಹತ್ತುವ ಮುಂಚೆ ಹೇಳಿದ: "ಊರಾಗ ಇದನ್ನ ಯಾರ ಮುಂದೂ ಆಡಲಾಕ ಆಗಿಲ್ಲ. ಅಲ್ಲಿ ಎಲ್ಲರಿಗೂ ಗೊತ್ತದ. ಇಲ್ಲಿ ನಮ್ಮನ್ನ ಬಲ್ಲವರು ಇಲ್ಲ ನೋಡು, ಬಾಯಿ ಬಂತು."

ನನಗೆ ಬಂದದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ಒಂದು ವರ್ಷ ಗುದ್ದಾಡಿ ಗೆದ್ದ ಎರಡು ಸಾಲನ್ನು ಅಪ್ಪ ಒಂದು ಬೆಳಿಗ್ಗೆಯೂ ನನ್ನದಾಗಿ ಉಳಿಸಲಿಲ್ಲ. ಈ ಊರಿನವರ ನೋಟ್‌ಬುಕ್ಕಿನಲ್ಲಿ ಖಾಲಿ ಪುಟಗಳಿವೆಯೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಮರುದಿನ ಎಂಟೂಕಾಲಿಗೆ ಹಲಗೆಯ ಮುಂದೆ ನಿಂತೆ. ಹದಿನೆಂಟರ ಪುಟದಲ್ಲಿ ಏನೂ ಇರಲಿಲ್ಲ. ಅಂಥ ದಿನ ಒಂದು ಒಳ್ಳೆಯ ಮಾತು ಬರೆಯುವುದು ವಾಡಿಕೆ. ತಾರೀಖು ಹಾಕಿದೆ. ಇಮಾಮ್‌ಸಾಬನ ಹೆಸರಿನ ಮೊದಲ ಅಕ್ಷರ ಬರೆದೆ, ಅಂಗೈಯಿಂದ ಒರೆಸಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಸರೋಜಮ್ಮನವರು ನನ್ನ ಹಿಂದೆಯೇ ಬಂದು ನಿಂತಿದ್ದರು. "ಏನ್ರೀ ಮಿಸ್, ಬರೀ ತಾರೀಖು ಹಾಕಿದೀರಿ? ನಿಮ್ಮ ಕಡೆ ಇವತ್ತೇನೂ ಆಗಿಲ್ವಾ?" ಕುಹಕವಿರಲಿಲ್ಲ. ನಿನ್ನೆಯದಕ್ಕೆ ಹುಡುಗಿಯರು ಪ್ರಶ್ನೆ ಕೇಳಿದ್ದರಂತೆ, ಅವರಿಗೆ ನಿಜಕ್ಕೂ ಇನ್ನಷ್ಟು ತಿಳಿಯಬೇಕಿತ್ತು. ವರ್ಷವಿಡೀ ನಾನು ಕಾದಿದ್ದ ಪ್ರಶ್ನೆ ಅದು.

"ಇಲ್ಲ ಮೇಡಂ" ಎಂದೆ. "ಏನೂ ಆಗಿಲ್ಲ."

ತವರಿನ ಹುಳುಕನ್ನು ಅತ್ತೆಯ ಮನೆಯಲ್ಲಿ ಮುಚ್ಚಿಡುವ ಸೊಸೆಯಂತೆ ಆ ಸುಳ್ಳು ತಾನಾಗಿ ಬಾಯಿಗೆ ಬಂತು. ಅಷ್ಟು ಗಟ್ಟಿಯಾಗಿ ನಾನು ಗುಲ್ಬರ್ಗಾದವಳು ಎಂದು ನನಗೆ ಅನ್ನಿಸಿದ್ದು ಆಗಲೇ, ಮತ್ತು ಆ ಊರಿಗೆ ತಿರುಗಿ ಹೋಗಿ ನೆಮ್ಮದಿಯಿಂದ ಇರಲಾರೆ ಎಂದು ಗೊತ್ತಾದದ್ದೂ ಆಗಲೇ.

ಈಗ ಆರು ವರ್ಷವಾಯಿತು. ಅಪ್ಪ ತೀರಿಕೊಂಡ. ನಾವು ಇಲ್ಲೇ ಬನಶಂಕರಿಯಲ್ಲಿ ಸೈಟು ತೆಗೆದುಕೊಂಡಿದ್ದೇವೆ. ಪ್ರತಿ ಸೆಪ್ಟೆಂಬರ್ ಹದಿನೇಳಕ್ಕೆ ಆ ಎರಡು ಸಾಲು ಬರೆಯುತ್ತೇನೆ, ಯಾರೂ ಒರೆಸುವುದಿಲ್ಲ. ಇಮಾಮ್‌ಸಾಬನ ಮಾತನ್ನು ಬೆಂಗಳೂರಿನಲ್ಲಿ ಇವತ್ತಿಗೂ ಯಾರಿಗೂ ಹೇಳಿಲ್ಲ. ಅದೇ ಊರಿನವರಾದ ನಿಮಗೆ ಬರೆಯುತ್ತಿದ್ದೇನೆ. ನಿಮಗೆ ಇದು ಮೊದಲೇ ಗೊತ್ತು.