ಹೊರಗುಳಿದ ಹೊಟ್ಟೆಗೊಂದು ಎಡೆ

ಮುದ್ದೆಯನ್ನು ಅಗಿದು ತಿನ್ನುವವನನ್ನು ನಮ್ಮ ಕಡೆ ಗಂಡಸರ ಲೆಕ್ಕಕ್ಕೆ ಸೇರಿಸುವುದಿಲ್ಲ. ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಹಲ್ಲಿಗೆ ತಾಗಿಸಿದರೆ ಹೆಂಗಸರೂ ನಗುತ್ತಾರೆ. ನಾನಂತೂ ನುಂಗುವುದರಲ್ಲೇ ಅಕ್ಕಿಹೆಬ್ಬಾಳಿನ ಸುತ್ತಮುತ್ತ ಹೆಸರು ಮಾಡಿದ್ದವನು. ಬೀಗರೂಟಕ್ಕೆ ಕೂತರೆ ಬಡಿಸುವವರು ನನ್ನ ಎಲೆಯ ಮುಂದೆಯೇ ನಿಂತುಬಿಡುತ್ತಿದ್ದರು. ಆಲೆಮನೆಯಲ್ಲಿ ಬೆಲ್ಲದ ಪಾಕದ ಹದ ನೋಡುವ ಕೆಲಸ ನನ್ನದು. ಕೊಪ್ಪರಿಗೆಯ ಪಕ್ಕ ನಿಂತು ದಿನವಿಡೀ ಬಿಸಿ ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಕಲ್ಲು ತಿಂದು ಕಲ್ಲು ಕರಗಿಸುವ ವಯಸ್ಸು, ಹೇಳುವವರು ಕೇಳುವವರು ಯಾರಿದ್ದರು?

ಅರವತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ರಕ್ತ ವಾಂತಿಯಾಯಿತು. ರೈಲು ಹತ್ತಿಸಿ ಮೈಸೂರಿಗೆ ಕರೆದುಕೊಂಡು ಹೋದರು. ಹೊಟ್ಟೆಹುಣ್ಣು ಎಂದರು ಡಾಕ್ಟರು. ಹೊಟ್ಟೆಯ ಮುಕ್ಕಾಲು ಪಾಲನ್ನು ಕೊಯ್ದು ತೆಗೆದು, ಉಳಿದ ಚೂರನ್ನು ಕರುಳಿಗೆ ಸೇರಿಸಿ ಹೊಲಿದರು. ನನಗೆ ಎಚ್ಚರ ಬಂದಾಗ ಅವ್ವ ಡಾಕ್ಟರ ಮುಂದೆ ಕೈಮುಗಿದು ನಿಂತಿದ್ದಳು.

"ಕುಯ್ದು ತಗ್ದುದ್ದನ್ನ ಎಲ್ಲಿ ಮಡಗಿದ್ದೀರಿ ಬುದ್ದಿ? ನಮ್ ಕೈಗೆ ಕೊಟ್ಬುಡಿ, ಮಣ್ಣು ಮಾಡ್ತೀವಿ."

"ಅದೆಲ್ಲ ಹೋಯ್ತಮ್ಮ. ಮಗ ಉಳಿದನಲ್ಲ, ಅಷ್ಟು ನೋಡಿ," ಎಂದು ಅವರು ಪಕ್ಕದ ಮಂಚಕ್ಕೆ ಹೋದರು. ಅವರದೇನು ತಪ್ಪು, ವಾರ್ಡಿನ ತುಂಬ ರೋಗಿಗಳು. ಅವ್ವ ಮಾತ್ರ ಊರಿಗೆ ಹೊರಟಾಗ ಆಸ್ಪತ್ರೆಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು.

ಹೊಲಿಗೆ ವಾಸಿಯಾಯಿತು, ಹೊಟ್ಟೆ ಮಾತ್ರ ಮೊದಲಿನಂತಾಗಲಿಲ್ಲ. ನಿಂಬೆಹಣ್ಣಿನ ಗಾತ್ರದ ಮುದ್ದೆ ಇಳಿದರೆ ಎದೆಯವರೆಗೂ ತುಂಬಿದಂತಾಗುತ್ತಿತ್ತು. ಇನ್ನೊಂದು ತುತ್ತು ಇಟ್ಟರೆ ಕಹಿ ಪಿತ್ತ ಕಾರುತ್ತಿದ್ದೆ. ಬೆಲ್ಲ ನಾಲಿಗೆಯಿಂದ ಇಳಿದರೆ ಸಾಕು, ಎದೆ ಡವಡವ ಹೊಡೆದುಕೊಂಡು ಮೈಯೆಲ್ಲ ಬೆವತು, ಅಲ್ಲೇ ಚಾಪೆ ಹುಡುಕಬೇಕಾಗುತ್ತಿತ್ತು. ಇನ್ನೂ ಕೆಟ್ಟದ್ದು ಆಮೇಲಿನದು. ಉಂಡು ಒಂದೆರಡು ಗಂಟೆ ಕಳೆದಿರುವುದಿಲ್ಲ, ಕೈ ನಡುಗಿ, ಕಣ್ಣು ಕತ್ತಲಿಟ್ಟು, ಎಲ್ಲಿಂದಲೋ ಒಂದು ಹಸಿವು ಬರುತ್ತಿತ್ತು. ಹೊಟ್ಟೆಯ ಹಸಿವಲ್ಲ ಅದು, ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲವಲ್ಲ! ಯಾರೋ ಬೇರೆಯವರು ಹಸಿದು ನನ್ನ ಕೈ ಹಿಡಿದು ಅಲುಗಾಡಿಸುತ್ತಿದ್ದಾರೆ ಎನಿಸಿ ಹೆದರುತ್ತಿದ್ದೆ. ವರ್ಷ ತುಂಬುವುದರೊಳಗೆ ಅಂಗಿಯೊಳಗೆ ಇನ್ನೊಬ್ಬನಿಗೆ ಜಾಗವಾಗುವಷ್ಟು ಒಣಗಿದೆ.

ಒಂದು ಮಧ್ಯಾಹ್ನ ನನ್ನ ಹೆಂಡತಿ ಹಿತ್ತಲಿಗೆ ಕರೆದು ಅಳುತ್ತಾ ಹೇಳಿದಳು. "ಅತ್ತೆ ನೀವು ಉಂಡಷ್ಟೇ ಉಣ್ತಾವ್ರೆ. ನಿಮ್ ತಟ್ಟೆ ನೋಡ್ಕಂಡು ಅವ್ರ ತಟ್ಟೆಗೆ ಇಕ್ಕೊತಾವ್ರೆ."

ಅಪ್ಪ ಹೋದ ಮೇಲೆ ಅವ್ವ ನನಗಿಂತ ಮುಂಚೆ ಒಂದು ದಿನವೂ ಉಂಡವಳಲ್ಲ. ನನ್ನ ಊಟವಾದ ಮೇಲೆಯೇ ಅವಳದು. ಅದು ನನಗೆ ಗೊತ್ತಿತ್ತು. ಆದರೆ ಹೀಗೂ ಉಂಟೇ? ಅರವತ್ತು ದಾಟಿದ ಜೀವ, ಗದ್ದೆಯಲ್ಲಿ ನಾಟಿ ಹಾಕುವವಳು, ನಿಂಬೆಹಣ್ಣಿನಷ್ಟು ತಿಂದು ಏಳುತ್ತಿದ್ದಳು. ಗದರಿದೆ, ಬೇಡಿಕೊಂಡೆ. "ನೀನು ಹೊಟ್ಟೆ ತುಂಬ ಉಣ್ಣು, ನಾನೂ ಉಣ್ತೀನಿ" ಎಂದಳು, ಅಷ್ಟೇ. ಆ ತಿಂಗಳು ಬಾವಿಕಟ್ಟೆಯ ಮೇಲೆ ಕೊಡ ಎತ್ತಲಾರದೆ ಕುಸಿದು ಕೂತವಳನ್ನು ಇಬ್ಬರು ಹಿಡಿದುಕೊಂಡು ಬಂದರು. ಅವ್ವ ನನ್ನ ಕಣ್ಣೆದುರಿಗೇ ಸಾಯುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು.

ಮಹಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಎಡೆ ಇಡುವ ದಿನ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಅಂತ. ಪ್ರತಿ ವರ್ಷ ಅಪ್ಪನಿಗೆ ಒಂದೇ ಎಲೆ. ಅವತ್ತು ಪಕ್ಕದಲ್ಲಿ ಇನ್ನೊಂದು ಎಲೆ ಇತ್ತು. ಅದರ ಮೇಲೆ ದೊಡ್ಡ ಮುದ್ದೆ, ಕೋಳಿ ಸಾರು, ಒಂದು ಅಚ್ಚು ಬೆಲ್ಲ.

"ಇದ್ಯಾರಿಗವ್ವ?"

"ನಿಂದೇ ಕಣ್ಲಾ ಮಗ. ಆಸ್ಪತ್ರೇಲಿ ಹೊಟ್ಟೆ ಬುಟ್ಬುಟ್ಟು ಬಂದೋ ನೋಡು, ಅದುಕ್ಕೆ. ಮಣ್ಣು ಕಾಣದೆ ಹಸ್ಕಂಡು ತಿರುಗ್ತಾ ಅದೆ. ಅದು ಹಸ್ಕಂಡಾಗ್ಲೆಲ್ಲ ನಿನ್ ಕೈ ನಡುಗೋದು."

ನಾನು ಯಾರಿಗೂ ಹೇಳಿಕೊಳ್ಳದ ಭಯವನ್ನು ಇವಳು ಎಲೆ ಹಾಕಿ ಬಡಿಸಿದ್ದಳು. ಬಾಗಿಲು ಮುಚ್ಚಿದೆವು, ತೆರೆದೆವು. ಅವ್ವ "ಅದುರ್ದು ಊಟ ಆಯ್ತು" ಎಂದು ಬಂದು ಕೂತು, ಇಡೀ ಒಂದು ಮುದ್ದೆ ನುಂಗಿದಳು. ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಮಾವಾಸ್ಯೆ ಕಳೆದರೂ ಎಲೆ ನಿಲ್ಲಲಿಲ್ಲ. ದಿನಾ ಮಧ್ಯಾಹ್ನ ಅವ್ವ ಒಳಕೋಣೆಯಲ್ಲಿ ಎಡೆ ಇಟ್ಟು ಬಾಗಿಲೆಳೆದು ಕಾಯುತ್ತಿದ್ದಳು. ತೆರೆದಾಗ ಇಟ್ಟದ್ದು ಇಟ್ಟಂತೆಯೇ ಇರುತ್ತಿತ್ತು. ಅದನ್ನು ಎಮ್ಮೆಗೆ ಹಾಕಿ, ತಾನು ನೆಮ್ಮದಿಯಾಗಿ ಉಣ್ಣುತ್ತಿದ್ದಳು. ಅವಳ ಕೆನ್ನೆ ತುಂಬತೊಡಗಿತು. ನಾನು ಆ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟೆ. ಒಮ್ಮೆ ಒಳಗಿನಿಂದ ಗುಟುಕ್ ಎಂದು ನುಂಗಿದ ಸದ್ದು ಕೇಳಿ, ಬೆಕ್ಕು ನುಗ್ಗಿರಬೇಕು ಎಂದುಕೊಂಡೆ. ಬೆಕ್ಕು ಜಗುಲಿಯ ಮೇಲೆ ಮಲಗಿತ್ತು.

ಊರಿನ ಬಾಯಿಗೆ ಬೀಗ ಹಾಕುವವರಾರು? ಆಲೆಮನೆಯಲ್ಲಿ ಕಬ್ಬು ಅರೆಯುವವನೊಬ್ಬ ಎಲ್ಲರೆದುರು ಕೇಳಿಯೇಬಿಟ್ಟ. "ಏನ್ಲಾ, ಬದ್ಕಿರೋವಾಗ್ಲೇ ಎಡೆ ತಿಂತಾ ಇದ್ದೀಯಂತೆ?"

ಬೆಂಕಿ ಬಿದ್ದಂತಾಯಿತು ನನಗೆ. ಮನೆಗೆ ಬಂದವನೇ ಒಳಕೋಣೆಯ ಎಲೆಯನ್ನು ಮುದುರಿ ತಿಪ್ಪೆಗೆ ಎಸೆದೆ. "ನಾನು ಬದ್ಕಿದ್ದೀನಿ ಕಣವ್ವ! ಕಣ್ಣು ಕಾಣಾಕಿಲ್ವಾ ನಿಂಗೆ?"

ಅವ್ವ ಬೈಯಲಿಲ್ಲ. "ನೀನು ಬದ್ಕಿದ್ದೀಯ ಕಣಪ್ಪ. ಅದುನ್ನ ಉಪಾಸ ಕಳಿಸ್ಬುಟ್ಟೆಯಲ್ಲ," ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಅವತ್ತು ಉಣ್ಣಲಿಲ್ಲ. ಮಾರನೆಯ ದಿನ ನೀರು ಕೊಟ್ಟರೂ ಬಾಯಿ ತೆರೆಯಲಿಲ್ಲ. ಅದರ ಮರುದಿನ ಮಧ್ಯಾಹ್ನ ಹಣೆ ಮುಟ್ಟಿದರೆ ತಣ್ಣಗಿತ್ತು, ಉಸಿರು ಮಾತ್ರ ಇತ್ತು. ಇನ್ನೇನು ಉಳಿದಿತ್ತು ನನ್ನ ಕೋಪಕ್ಕೆ? ಒಲೆ ಹಚ್ಚು ಎಂದೆ ಹೆಂಡತಿಗೆ. ನಾನೇ ಹಿತ್ತಲಿನಿಂದ ಎಲೆ ಕೊಯ್ದು ತಂದೆ. ಮುದ್ದೆ ಇಟ್ಟೆ, ಸಾರು ಬಿಟ್ಟೆ, ಧೂಪ ಹಾಕಿ ಬಾಗಿಲೆಳೆದೆ.

"ಕರೀಲಾ," ಎಂದಿತು ಅವ್ವನ ಸಣ್ಣ ದನಿ. "ಮನೆ ಗಂಡ್ಸು ಹೆಸ್ರು ಹಿಡ್ದು ಕರುದ್ರೆ ಬೇಗ ಬತ್ತದೆ."

ಅಪ್ಪನನ್ನು ಹಾಗೆ ಕರೆದು ಅಭ್ಯಾಸವಿತ್ತು. ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ತಂದೆ. ನನ್ನದೇ ಹೆಸರು ಹಿಡಿದು, "ಬಾರಪ್ಪ, ಬಂದು ಉಣ್ಣು" ಎಂದೆ. ಒಳಗೆ ಏನೂ ಅಲುಗಲಿಲ್ಲ. ಅವ್ವ ಗೋಡೆ ಹಿಡಿದು ಎದ್ದು ಕೂತಳು. "ಬಂತು ಕಣೋ. ನಂಗೂ ಇಕ್ಕವ್ವ" ಎಂದು ಸೊಸೆಯ ಕಡೆ ತಟ್ಟೆ ಚಾಚಿದಳು. ಅರ್ಧ ಮುದ್ದೆ ನುಂಗಿ, ಇನ್ನೊಂದಿಷ್ಟು ಸಾರು ಕೇಳಿದಳು.

ನಾನು ಬಾಗಿಲಿಗೆ ಒರಗಿ ನಿಂತೇ ಇದ್ದೆ. ಎಲೆ ಎಸೆದ ದಿನದಿಂದ ಬಿಡದಿದ್ದ ಕೈಯ ನಡುಕ ನಿಂತಿತ್ತು. ಹೆಂಡತಿ ನನಗೂ ತಟ್ಟೆ ತಂದಳು, ಬೇಡವೆಂದೆ. ಬೆಳಗಿನಿಂದ ನಾನು ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಆದರೆ ನನಗೆ ಹೊಟ್ಟೆ ತುಂಬಿತ್ತು.